ಫ್ರೋಜನ್ ಪಿಜ್ಜಾ ಪ್ರಮಾಣ ಮೀಮಾಂಸೆ

ಮಂಗಳ ಮತ್ತು ಅನುಬಂಧ

ಮಂಗಳಾಚರಣೆ ಇಲ್ಲದೆ ಶಾಸ್ತ್ರಗ್ರಂಥ ಆರಂಭಿಸುವುದು ಶಿಷ್ಟರ ಪದ್ಧತಿಯಲ್ಲ. ಆದ್ದರಿಂದ ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 18ರಲ್ಲಿ, ದೀಪ ಹೊತ್ತಿಸಿಕೊಂಡು ನಿಂತಿರುವ ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಸಾಲಿಗೆ ಮೊದಲ ನಮಸ್ಕಾರ. ವಿಘ್ನನಿವಾರಣೆಗಾಗಿ ಎರಡನೆಯ ನಮಸ್ಕಾರ ಹೊಗೆ ಅಲಾರಮ್ಮಿಗೆ. ಅದರ ಮಹಿಮೆ ಅನುಮಾನ ಪ್ರಕರಣದಲ್ಲಿ ತಿಳಿಯುತ್ತದೆ.

ಇನ್ನು ಅನುಬಂಧ ಚತುಷ್ಟಯ. ವಿಷಯ: ಸೂಪರ್‌ಮಾರ್ಕೆಟ್ಟಿನಲ್ಲಿ ತಿನ್ನಲು ಯೋಗ್ಯವಾದ ಫ್ರೋಜನ್ ಪಿಜ್ಜಾ ಎಂಬುದು ಇದೆಯೇ, ಇದ್ದರೆ ಅದನ್ನು ಗುರುತಿಸುವುದು ಹೇಗೆ. ಪ್ರಯೋಜನ: ರಾತ್ರಿಯ ಊಟ. ಸಂಬಂಧ: ಗ್ರಂಥಕ್ಕೂ ಊಟಕ್ಕೂ ಪ್ರತಿಪಾದಕ-ಪ್ರತಿಪಾದ್ಯ ಭಾವ, ಗ್ರಂಥ ಓದುತ್ತ ಕೂತರೆ ಊಟ ಸೀದುಹೋಗುವುದರಿಂದ ವಿರೋಧ ಭಾವವೂ ಉಂಟು. ಅಧಿಕಾರಿ: ಸಾಧನ ಚತುಷ್ಟಯ ಸಂಪನ್ನ. ಎಂದರೆ, ಅವನಿಗೆ ಅಡುಗೆಯಲ್ಲಿ ವೈರಾಗ್ಯ ಹುಟ್ಟಿರಬೇಕು. ಮನೆಗೆ ತರಿಸುವ ಪಿಜ್ಜಾದ ಬೆಲೆ, ಡೆಲಿವರಿ ಶುಲ್ಕ, ಟಿಪ್ಸು ಮೂರನ್ನೂ ಕೂಡಿಸಿ ನೋಡುವ ವಿವೇಕ ಇರಬೇಕು. ಓವನ್ ಕಾಯುವ ತನಕ ಸುಮ್ಮನಿರಲು ಶಮದಮಾದಿಗಳು ಬೇಕು. ಹಸಿವಿನಿಂದ ಬಿಡುಗಡೆ ಬೇಕೆಂಬ ತೀವ್ರ ಮುಮುಕ್ಷುತ್ವ ಬೇಕು. ಡಿಸೆಂಬರಿನ ಮಿನೆಸೋಟದಲ್ಲಿ ಆಫೀಸು ಮುಗಿಸಿ, ಬೂಟಿನ ಹಿಮ ಕೊಡವಿ ಮನೆಯೊಳಗೆ ಬಂದು, ಫ್ರಿಜ್ಜಿನಲ್ಲಿ ಬಾಡಿದ ಕೊತ್ತಂಬರಿ ಕಟ್ಟೊಂದನ್ನೇ ಕಂಡ ಕನ್ನಡಿಗನು ಇಂಥ ಅಧಿಕಾರಿಗಳಲ್ಲಿ ಉತ್ತಮನು.

ವಂಶಾನುಚರಿತ

ಫ್ರೋಜನ್ ಪಿಜ್ಜಾದ ಆದಿಪುರುಷ ಯಾರೆಂಬುದರಲ್ಲಿ ಒಮ್ಮತವಿಲ್ಲ. ಪೇಟೆಂಟನ್ನೇ ಪರಮ ಪ್ರಮಾಣವೆಂದು ಒಪ್ಪುವವರು 1950ರಲ್ಲಿ ಅರ್ಜಿ ಹಾಕಿ 1954ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಬುಚ್ಚಿಯ ಹೆಸರು ಹೇಳುತ್ತಾರೆ. ಹಿಟ್ಟಿನ ತಳ ಒದ್ದೆಯಾಗದಂತೆ ನೋಡಿಕೊಳ್ಳುವುದೇ ಆತನ ಚಿಂತೆಯಾಗಿತ್ತು. ಈ ಶಾಸ್ತ್ರದ ಮೂಲ ಪ್ರಶ್ನೆ ಅಂದೇ ಎದ್ದಿತ್ತು, ಇಂದಿಗೂ ಪೂರ್ತಿ ಕೂತಿಲ್ಲ.

ಮುಂದೆ ರೋಸ್ ಟೋಟಿನೊ. ಮಿನಿಯಾಪೊಲಿಸಿನಲ್ಲಿ 1951ರಲ್ಲಿ ಗಂಡ ಜಿಮ್ ಜೊತೆ ಪಿಜ್ಜಾ ಅಂಗಡಿ ತೆರೆಯಲು ಸಾಲ ಕೇಳಹೋದಾಗ ಬ್ಯಾಂಕಿನವರಿಗೆ ಪಿಜ್ಜಾ ಎಂದರೇನೆಂದೇ ಗೊತ್ತಿರಲಿಲ್ಲವಂತೆ. ಆಕೆ ಒಂದನ್ನು ಸುಟ್ಟು ತಂದು ತಿನ್ನಿಸಿದಳು, ಸಾಲ ಸಿಕ್ಕಿತು. ಪ್ರತ್ಯಕ್ಷ ಪ್ರಮಾಣದಿಂದ ಬ್ಯಾಂಕು ಸೋತ ದೃಷ್ಟಾಂತ ಲೋಕದಲ್ಲಿ ವಿರಳ. 1962ರಲ್ಲಿ ದಂಪತಿ ಫ್ರೋಜನ್ ಪಿಜ್ಜಾಕ್ಕೆ ಇಳಿದರು. 1975ರಲ್ಲಿ ಕಂಪನಿಯನ್ನು ಪಿಲ್ಸ್‌ಬರಿಗೆ ಮಾರಿದರು. ರೋಸ್ ಅಲ್ಲಿನ ಮೊದಲ ಮಹಿಳಾ ಉಪಾಧ್ಯಕ್ಷೆಯಾದಳು.

ವಿಸ್ಕಾನ್ಸಿನ್ನಿನ ಮೆಡ್‌ಫರ್ಡಿನಲ್ಲಿ ಸಿಮೆಕ್ ಸಹೋದರರು ನಡೆಸುತ್ತಿದ್ದ ಬಾರಿನ ಎದುರಿಗೇ ಸ್ಮಶಾನವಿತ್ತು. ಬಾರಿಗೆ ‘ಟೂಂಬ್‌ಸ್ಟೋನ್ ಟ್ಯಾಪ್’ ಎಂದು ಹೆಸರಾಯಿತು, ಅಲ್ಲಿಂದ ಹೊರಟ ಪಿಜ್ಜಾವೂ ಟೂಂಬ್‌ಸ್ಟೋನ್ ಆಯಿತು. ಸ್ಮಶಾನವೈರಾಗ್ಯದ ವಿಷಯವನ್ನು ನಮ್ಮ ಹಿರಿಯರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಸ್ಮಶಾನದೆದುರು ಹಸಿವು ಹೆಚ್ಚುವ ವಿಷಯ ಅವರ ಗಮನಕ್ಕೆ ಬಂದಂತಿಲ್ಲ. ಷಿಕಾಗೊದ ‘ಹೋಮ್ ರನ್ ಇನ್’ 1923ರಲ್ಲಿ ಹುಟ್ಟಿದ್ದು. ಪಕ್ಕದ ಮೈದಾನದಿಂದ ಹಾರಿಬಂದ ಬೇಸ್‌ಬಾಲ್ ಕಿಟಕಿ ಒಡೆದದ್ದರಿಂದ ಅದಕ್ಕೆ ಆ ಹೆಸರು. 1976ರಲ್ಲಿ ಬಂದ ‘ರೆಡ್ ಬ್ಯಾರನ್’ ಮೊದಲ ಮಹಾಯುದ್ಧದ ಜರ್ಮನ್ ವಿಮಾನಭಟನ ಅಡ್ಡಹೆಸರು ಹೊತ್ತಿದೆ. ಆತ ಶತ್ರುಗಳ ಎಂಬತ್ತು ವಿಮಾನ ಕೆಡವಿದ್ದು ಚರಿತ್ರೆ. ಆತನಿಗೆ ಅಡುಗೆ ಬರುತ್ತಿತ್ತು ಎಂಬುದಕ್ಕೆ ಪ್ರಮಾಣವಿಲ್ಲ.

ಈ ಕುಲಗಳೆಲ್ಲ ಕಾಲಕ್ರಮದಲ್ಲಿ ದತ್ತು ಹೋದವು. ಟೂಂಬ್‌ಸ್ಟೋನ್ ಮೊದಲು ಕ್ರಾಫ್ಟ್ ಮನೆಗೆ, ಅಲ್ಲಿಂದ 2010ರಲ್ಲಿ ಡಿಜಿಯೋರ್ನೊ ಎಂಬ ಇನ್ನೊಂದು ಪಿಜ್ಜಾ ಸಮೇತ 370 ಕೋಟಿ ಡಾಲರಿಗೆ ನೆಸ್ಲೆ ಮನೆಗೆ ಹೋಯಿತು. ರೆಡ್ ಬ್ಯಾರನ್ ಮಾಡುವ ಶ್ವಾನ್ಸ್ 2019ರಲ್ಲಿ ಕೊರಿಯಾದ ಸಿಜೆ ಕಂಪನಿಯ ವಶವಾಯಿತು. ಪೆಟ್ಟಿಗೆಯ ಮೇಲೆ ಈಗಲೂ ಅಜ್ಜಿಯ ಪಾಕವಿಧಾನವೆಂಬಂಥ ಮಾತು ಕಂಡರೆ, ಅಜ್ಜಿಯ ಸದ್ಯದ ಗೋತ್ರ ಯಾವುದೆಂದು ವಿಚಾರಿಸುವುದು ಜಿಜ್ಞಾಸುವಿನ ಕರ್ತವ್ಯ.

ಷಟ್ಪ್ರಮಾಣ ವಿಚಾರ

ಪ್ರತ್ಯಕ್ಷ. ಕಣ್ಣಾರೆ ಕಂಡು ಕೊಳ್ಳೋಣವೆಂದು ಫ್ರೀಜರಿನ ಬಾಗಿಲು ತೆರೆದರೆ ಹೊರಗಿನ ತೇವ ತಣ್ಣನೆಯ ಗಾಜಿಗೆ ಮುತ್ತಿ ಬಾಗಿಲು ಮಂಜಾಗುತ್ತದೆ. ಮುಚ್ಚಿದ ಮೇಲೂ ಕೆಲವು ಕ್ಷಣ ಒಳಗಿನದು ಕಾಣದು. ನಿಮ್ಮ ಹಿಂದೆ ಗಾಡಿ ಹಿಡಿದು ನಿಂತವರ ಮುಖ ಮಾತ್ರ ಆ ಗಾಜಿನಲ್ಲಿ ಮಸುಕಾಗಿ ಕಾಣುತ್ತದೆ. ಕಂಡರೂ ಕಾಣುವುದು ಪಿಜ್ಜಾ ಅಲ್ಲ, ಪೆಟ್ಟಿಗೆ. ಅದರ ಮೇಲೆ ಚೀಸು ಎಳೆ ಎಳೆಯಾಗಿ ಏಳುತ್ತಿರುವ ಒಂದು ತುಂಡು, ಪಕ್ಕದಲ್ಲಿ ಆಗಷ್ಟೇ ಕಿತ್ತ ತುಳಸಿಜಾತಿಯ ಎಲೆ, ಮೂಲೆಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ‘ಇದು ಬಡಿಸುವ ಬಗೆಗೆ ಸಲಹೆ’ ಎಂಬ ತಪ್ಪೊಪ್ಪಿಗೆ. ಹಗ್ಗದಲ್ಲಿ ಹಾವು ಕಂಡವನಿಗೆ ದೀಪ ತಂದರೆ ಭ್ರಮೆ ಹೋಗುತ್ತದೆ. ಇಲ್ಲಿ ದೀಪವನ್ನೂ ಅಂಗಡಿಯವರೇ ಹಾಕಿಸಿದ್ದಾರೆ, ಆದ್ದರಿಂದ ಹೋಗುವುದಿಲ್ಲ.

ಗಾತ್ರದಲ್ಲೂ ಕಣ್ಣನ್ನು ನಂಬುವಂತಿಲ್ಲ. 10 ಇಂಚಿನದಕ್ಕೂ 12 ಇಂಚಿನದಕ್ಕೂ ಕಣ್ಣಿಗೆ ಎರಡೇ ಇಂಚು ವ್ಯತ್ಯಾಸ. ವ್ಯಾಸ 20000 ಆದರೆ ಪರಿಧಿ 62832 ಎಂದ ಆರ್ಯಭಟನ ಲೆಕ್ಕ ಹಿಡಿದರೆ ಮೊದಲನೆಯದು ಸುಮಾರು 78.5 ಚದರ ಇಂಚು, ಎರಡನೆಯದು 113; ಶೇಕಡಾ 44ರಷ್ಟು ಹೆಚ್ಚು. ಭಾಗಿಸುವಾಗ ಪೈ ಬಿದ್ದುಹೋಗುವುದರಿಂದ ಇಲ್ಲಿ ಆರ್ಯಭಟನ ಅಗತ್ಯವಿರಲಿಲ್ಲ ಎಂದು ಪ್ರತಿವಾದಿ ಹೇಳಬಹುದು. ಅಗತ್ಯವಿರಲಿಲ್ಲ, ನಿಜ. ಪ್ರಬಂಧಕ್ಕೆ ತೂಕ ಬೇಕಾಗಿತ್ತು.

ಅನುಮಾನ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬ ವ್ಯಾಪ್ತಿಯನ್ನು ನೈಯಾಯಿಕರು ಬೆಟ್ಟದ ಮೇಲೆ ಪ್ರಯೋಗಿಸಿದರು. ಅಮೆರಿಕದವರು ಅದನ್ನು ಅಡುಗೆಮನೆಯ ಚಾವಣಿಗೆ ಮೊಳೆ ಹೊಡೆದು ಕೂರಿಸಿದ್ದಾರೆ. ಪಿಜ್ಜಾದ ಅಂಚಿನಿಂದ ಒಂದು ಹನಿ ಚೀಸು ಓವನ್ನಿನ ತಳಕ್ಕೆ ಬಿದ್ದು ಕಮಟು ಹೊಗೆ ಎದ್ದದ್ದೇ ತಡ, ಅಲಾರಂ ಬೆಂಕಿಯನ್ನು ಅನುಮಾನಿಸಿ ಕಿರುಚುತ್ತದೆ. ಬೆಂಕಿಯಿಲ್ಲವೆಂದು ಟವಲು ಬೀಸುತ್ತ ಎಷ್ಟು ವಾದಿಸಿದರೂ ಕೇಳದು. ಇಷ್ಟು ಹಟಮಾರಿಯಾದ ನೈಯಾಯಿಕ ಕಾಶಿಯಲ್ಲೂ ಸಿಗಲಿಕ್ಕಿಲ್ಲ.

ಉಪಮಾನ. ಗವಯ ಎಂಬ ಕಾಡುಮೃಗ ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿಗೆ ಹೋಗಿ ಅದನ್ನು ಗುರುತಿಸುತ್ತಾನೆ. ಹಾಗೆಯೇ ಹೂಕೋಸಿನ ತಳದ ಪಿಜ್ಜಾ ಪಿಜ್ಜಾದಂತಿರುತ್ತದೆ ಎಂದು ಕೇಳಿದವನು ಅಂಗಡಿಗೆ ಹೋಗಿ ಕೊಂಡು ತರುತ್ತಾನೆ. ಗವಯವನ್ನು ಕಂಡವನು ಅದರಿಂದ ಹಾಲು ಕರೆಯಲು ಹೋಗುವುದಿಲ್ಲ. ಬುದ್ಧಿವಂತನಿಗೆ ಇಷ್ಟು ಸಾಕು.

ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಶಾಸ್ತ್ರಪ್ರಸಿದ್ಧ. ರಾತ್ರಿ ಏನು ಉಣ್ಣುತ್ತಾನೆ ಎಂದು ಹಿಂದಿನವರು ಕೇಳಲಿಲ್ಲ. ಅಮೆರಿಕದ ಲೇಬಲ್ ನಿಯಮದಲ್ಲಿ ಒಬ್ಬರಿಗೆ ಬಡಿಸುವ ಪಿಜ್ಜಾದ ಪಾಲಿಗೆ ಆಧಾರವಾದ ತೂಕ 140 ಗ್ರಾಂ. ಆದ್ದರಿಂದ ದಪ್ಪ ತಳದ ದೊಡ್ಡ ಪಿಜ್ಜಾದ ಪೆಟ್ಟಿಗೆ ‘ಆರನೇ ಒಂದು ಭಾಗ ಒಬ್ಬರಿಗೆ’ ಎಂದು ಘೋಷಿಸುತ್ತದೆ. ಕ್ಯಾಲೊರಿ, ಉಪ್ಪು, ಕೊಬ್ಬು ಎಲ್ಲವೂ ಆ ಆರನೇ ಒಂದಕ್ಕೆ ಕೊಟ್ಟ ಲೆಕ್ಕ. ಪೆಟ್ಟಿಗೆಯ ಪ್ರಕಾರ ಊಟಕ್ಕೆ ಕೂತವರು ಆರು ಮಂದಿ. ಸಿಂಕಿನಲ್ಲಿ ಬಿದ್ದಿರುವ ತಟ್ಟೆ ಒಂದೇ. ಉಳಿದ ಐವರು ಅದೃಶ್ಯರಾಗಿ ಉಂಡರೆಂದು ಕಲ್ಪಿಸುವುದಕ್ಕಿಂತ, ದೇವದತ್ತನ ಬೆಲ್ಟಿನ ಹೊಸ ತೂತನ್ನು ನೋಡಿ ಬೇರೊಂದನ್ನು ಕಲ್ಪಿಸುವುದು ಲಾಘವ.

ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿರುವುದೇ ಗಡಿಗೆಯ ಅಭಾವಕ್ಕೆ ಪ್ರಮಾಣ. ಈ ಪ್ರಮಾಣವನ್ನು ಒಪ್ಪಬೇಕೇ ಬೇಡವೇ ಎಂದು ದಾರ್ಶನಿಕರು ಶತಮಾನಗಟ್ಟಲೆ ಜಗಳವಾಡಿದ್ದಾರೆ. ‘ಅಣಬೆಭರಿತ’ ಎಂಬ ಪೆಟ್ಟಿಗೆ ಬಿಚ್ಚಿದವರು ಯಾರೂ ಜಗಳವಾಡುವುದಿಲ್ಲ, ಕೂಡಲೇ ಒಪ್ಪುತ್ತಾರೆ.

ಶಬ್ದ. ಆಪ್ತವಾಕ್ಯವೇ ಶಬ್ದ ಪ್ರಮಾಣ. ಪೆಟ್ಟಿಗೆ ಆಪ್ತವೇ? ಸಸ್ಯಾಹಾರಿ ಕನ್ನಡಿಗ ಹಿಂಬದಿಯ ಪಟ್ಟಿಯನ್ನು ಕನ್ನಡಕ ಹಣೆಗೇರಿಸಿ ಓದುತ್ತ ಬಂದು ‘ಎನ್‌ಜೈಮ್ಸ್’ ಎಂಬಲ್ಲಿ ನಿಂತುಬಿಡುತ್ತಾನೆ. ಹಾಲು ಒಡೆಸುವ ಈ ವಸ್ತು ಕರುವಿನ ಹೊಟ್ಟೆಯಿಂದ ಬಂದಿರಬಹುದು, ಗಿಡದಿಂದ ಬಂದಿರಬಹುದು, ಸೂಕ್ಷ್ಮಜೀವಿಯಿಂದಲೂ ಬಂದಿರಬಹುದು. ಮೂರಕ್ಕೂ ಅದೇ ಹೆಸರು ಹಾಕಲು ಅಲ್ಲಿ ಕಾನೂನಿನ ಅನುಮತಿಯಿದೆ. ಸೂಕ್ಷ್ಮಜೀವಿಗಳಿಂದ ತೆಗೆದ ಕೈಮೋಸಿನ್‌ಗೆ 1990ರಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಅಮೆರಿಕದ ಬಹುಪಾಲು ಚೀಸಿಗೆ ಕರುವಿನ ಹಂಗು ತಪ್ಪಿದೆ. ಆದರೂ ಪಾರ್ಮಿಜಾನೊ ರೆಜ್ಜಾನೊ ಉದುರಿಸಿದ್ದರೆ ಕರು ಖಂಡಿತ. ಆ ಚೀಸಿನ ನಿಯಮವೇ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ 1987ರಲ್ಲಿ ಶುರುವಾದ, ಸಸ್ಯಾಹಾರವನ್ನಷ್ಟೇ ಮಾಡುವ ಏಮೀಸ್ ಕಿಚನ್ನಿನ ಪೆಟ್ಟಿಗೆ ಭಾರತೀಯರ ಫ್ರೀಜರಿನಲ್ಲಿ ಕಾಣುವುದಕ್ಕೆ ಇದೇ ಕಾರಣ.

ನಮ್ಮಲ್ಲಿರುವ ಹಸಿರು ಚುಕ್ಕೆ ಅಲ್ಲಿಲ್ಲ. ಬದಲಿಗೆ ಅಧಿಕಾರ ವಿಭಜನೆಯಿದೆ: ಬರಿ ಚೀಸಿನ ಪಿಜ್ಜಾ ಆಹಾರ ಮತ್ತು ಔಷಧ ಆಡಳಿತದ ಪಾಲು, ಪೆಪರೋನಿ ಪಿಜ್ಜಾ ಕೃಷಿ ಇಲಾಖೆಯ ಪಾಲು. ಆದ್ದರಿಂದ ಕೃಷಿ ಇಲಾಖೆಯ ದುಂಡು ತಪಾಸಣಾ ಮುದ್ರೆ ಕಂಡರೆ ಒಳಗೆ ಮಾಂಸವಿದೆ ಎಂದು ತಿಳಿಯಬಹುದು. ಮುದ್ರೆ ಇಲ್ಲದ್ದೆಲ್ಲ ಸಸ್ಯಾಹಾರ ಎಂದು ತಿರುಗಿಸಿ ಹೇಳಿದರೆ ಅದು ಹೇತ್ವಾಭಾಸ, ಮಡಿವಂತರು ಎಚ್ಚರಿಕೆಯಿಂದಿರಬೇಕು. ಇನ್ನು ಪಿಜ್ಜಾವೇ ತರಕಾರಿಯೆಂಬ ವಾದ. ಶಾಲೆಯ ಊಟದಲ್ಲಿ ಪಿಜ್ಜಾದ ಮೇಲಿನ ಎರಡು ಚಮಚ ಟೊಮೆಟೊ ಪೇಸ್ಟನ್ನು ಅರ್ಧ ಕಪ್ ತರಕಾರಿಯೆಂದು ಲೆಕ್ಕಹಿಡಿಯುವುದನ್ನು ನಿಲ್ಲಿಸಲು ಕೃಷಿ ಇಲಾಖೆ ಹೊರಟಾಗ, 2011ರಲ್ಲಿ ಅಮೆರಿಕದ ಸಂಸತ್ತು ತಡೆದು ಹಳೆಯ ಲೆಕ್ಕವನ್ನೇ ಉಳಿಸಿತು. ಶಾಸನಬಲದಿಂದ ವಸ್ತುಸ್ವರೂಪ ಬದಲಾಗುತ್ತದೆಯೇ ಎಂಬುದು ಬೇರೆ ಪೀಠಕ್ಕೆ ಬಿಟ್ಟ ವಿಷಯ.

ತಳಭೇದ ವಿವಾದ

ಆರು ಪ್ರಮಾಣಗಳೂ ಅಂಗಡಿಯಲ್ಲಿ ಹೀಗೆ ಕೈಕೊಟ್ಟ ಮೇಲೆ ಪಂಡಿತರು ತಳದ ಮೇಲೆ ಜಗಳಕ್ಕಿಳಿದರು. ತೆಳುತಳವಾದಿಗಳಿಗೆ ಆಧಾರ ರೋಸ್ ಟೋಟಿನೊ 1979ರಲ್ಲಿ ಪಡೆದ ಕರಿದ ಹಿಟ್ಟಿನ ಪೇಟೆಂಟ್. ಅದಕ್ಕೆ ಮುಂಚೆ ಪೆಟ್ಟಿಗೆಯ ಪಿಜ್ಜಾಕ್ಕೂ ಪೆಟ್ಟಿಗೆಯ ರಟ್ಟಿಗೂ ರುಚಿಯಲ್ಲಿ ಭೇದವಿಲ್ಲ ಎಂಬ ಅದ್ವೈತ ಬಲವಾಗಿತ್ತು. ಉಬ್ಬುತಳವಾದಿಗಳಿಗೆ ಆಧಾರ ಕ್ರಾಫ್ಟ್ 1995ರಲ್ಲಿ ತಂದ ಡಿಜಿಯೋರ್ನೊ. ಇದರ ಹಿಟ್ಟು ಓವನ್ನಿನೊಳಗೇ ಉಬ್ಬುತ್ತದೆ. ಮನೆಬಾಗಿಲಿಗೆ ತಂದುಕೊಡುವ ಪಿಜ್ಜಾ ಎಂದು ಅತಿಥಿಗಳು ಮೋಸಹೋಗುತ್ತಾರೆಂಬುದೇ ಅದರ ಜಾಹೀರಾತಿನ ಸಾರ.

ಎರಡು ಪಕ್ಷಕ್ಕೂ ಶತ್ರು ಒಂದೇ, ನೀರು. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳು ದೊಡ್ಡದಾಗಿ ಬೆಳೆದು ಹಿಟ್ಟಿನ ಹೆಣಿಗೆಯನ್ನೂ ತರಕಾರಿಯ ಕೋಶವನ್ನೂ ಹರಿಯುತ್ತದೆ. ಕರಗಿದಾಗ ಆ ನೀರು ತಳಕ್ಕಿಳಿದು ಕೂರುತ್ತದೆ. ಅದಕ್ಕೇ ಕಾರ್ಖಾನೆಗಳು ಕೊರೆಯುವ ಗಾಳಿ ಬೀಸಿ ಬೇಗ ಹೆಪ್ಪುಗಟ್ಟಿಸುತ್ತವೆ. ಮನೆಯ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಬಿದ್ದದ್ದರಿಂದ ಹಿಮ ನೇರ ಆವಿಯಾಗಿ, ಪಿಜ್ಜಾದ ಅಂಚು ಒಣಗಿ ಬಿಳುಚಿಕೊಳ್ಳುತ್ತದೆ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿನಲ್ಲಿಟ್ಟದ್ದು ಆರೋಗ್ಯಕ್ಕೆ ಎಂದಿಗೂ ಅಪಾಯವಲ್ಲ. ಹಾಳಾಗುವುದು ರುಚಿ ಮಾತ್ರ ಎಂದು ಸರ್ಕಾರವೇ ಸಮಾಧಾನ ಹೇಳುತ್ತದೆ.

ಸಿದ್ಧಾಂತ

ಇಲ್ಲಿಯವರೆಗಿನ ಗೊಂದಲಕ್ಕೆಲ್ಲ ಮೂಲ, ಪಿಜ್ಜಾವನ್ನು ಸಿದ್ಧವಸ್ತು ಎಂದು ಭಾವಿಸಿದ್ದು. ಅದು ಸಾಧ್ಯ, ಕರ್ಮದಿಂದ ಸಾಧಿಸಬೇಕಾದದ್ದು. ವೇದವಾಕ್ಯಗಳಲ್ಲಿ ವಿಧಿಗೆ ಪ್ರಾಮಾಣ್ಯ, ಹೊಗಳಿಕೆಯ ಅರ್ಥವಾದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ ಎಂದು ಮೀಮಾಂಸಕರು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ಪೆಟ್ಟಿಗೆಯ ಮುಂಭಾಗ ಪೂರ್ತಿ ಅರ್ಥವಾದ. ಹಿಂಭಾಗದ ‘400 ಡಿಗ್ರಿಗೆ ಓವನ್ ಕಾಯಿಸತಕ್ಕದ್ದು’ ಎಂಬುದು ವಿಧಿ. ‘ಕರಗಿಸತಕ್ಕದ್ದಲ್ಲ’ ಎಂಬುದು ನಿಷೇಧ. ‘ಬೇಕಾದರೆ ಮೈಕ್ರೊವೇವ್’ ಎಂಬುದು ಆಪದ್ಧರ್ಮ. ಪೆಟ್ಟಿಗೆಯಲ್ಲಿ ಅಲ್ಯೂಮಿನಿಯಂ ಲೇಪದ ಬೆಳ್ಳಿಬಣ್ಣದ ತಟ್ಟೆ ಕೊಟ್ಟಿದ್ದರೆ ಅದು ಕಾದು ತಳಕ್ಕೆ ಒಂದಿಷ್ಟು ಗರಿ ಕೊಡುತ್ತದೆ, ಇಲ್ಲದಿದ್ದರೆ ಪ್ರಾಯಶ್ಚಿತ್ತ ಅಗಿಯುವವನ ದವಡೆಗೆ.

ವಿಧಿಯ ಪಾಲನೆಯಲ್ಲೇ ಬಹುಜನ ಎಡವುವುದು. ನೇಪಲ್ಸಿನ ಕಟ್ಟಿಗೆ ಒಲೆ ಸುಮಾರು 485 ಡಿಗ್ರಿ ಸೆಲ್ಸಿಯಸ್ ಕಾದು ಒಂದೂವರೆ ನಿಮಿಷದೊಳಗೆ ಪಿಜ್ಜಾ ಬೇಯಿಸುತ್ತದೆ. ಮನೆಯ ಓವನ್ ಗರಿಷ್ಠ 260ರಿಂದ 290ರ ಆಸುಪಾಸು. ಪೆಟ್ಟಿಗೆ ಹೇಳುವ 400 ಫ್ಯಾರನ್‌ಹೀಟ್ ಬರಿ 204. ಇಷ್ಟು ಬಡತನದಲ್ಲಿ ಕಾವನ್ನು ಪೋಲು ಮಾಡುವಂತಿಲ್ಲ. ಓವನ್ ಬೀಪ್ ಎನ್ನುವುದು ಒಳಗಿನ ಗಾಳಿ ಕಾದಾಗ. ಗೋಡೆ ಕಾಯಲು ಇನ್ನೂ ಹೊತ್ತು ಬೇಕು, ಪಿಜ್ಜಾ ಕಲ್ಲಿಟ್ಟಿದ್ದರೆ ಮತ್ತಷ್ಟು ಬೇಕು. ಕಾವಲಿ ಕಾಯುವ ಮುಂಚೆ ಹುಯ್ದ ಮೊದಲ ದೋಸೆಯ ಗತಿ ಬಲ್ಲವರಿಗೆ ಬೇರೆ ವ್ಯಾಖ್ಯಾನ ಬೇಡ. ಅಮೆರಿಕದ ಕನ್ನಡ ಮನೆಗಳಲ್ಲಿ ಈ ವಿಧಿಗೆ ಒಂದು ಪೂರ್ವಾಂಗವೂ ಇದೆ: ಓವನ್ನಿನೊಳಗೆ ಒಂದರ ಮೇಲೊಂದು ಪೇರಿಸಿಟ್ಟ ಬಾಣಲೆ, ಕಾವಲಿ, ಕುಕ್ಕರಿನ ಮುಚ್ಚಳಗಳನ್ನು ಮೊದಲು ಹೊರತೆಗೆಯತಕ್ಕದ್ದು. ಮರೆತವರ ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಪಿಜ್ಜಾಕ್ಕಿಂತ ಮುಂಚೆ ಬೇಯುತ್ತದೆ.

ಹಾಗಾದರೆ ಯಾವ ಪೆಟ್ಟಿಗೆ ಕೊಳ್ಳಬೇಕು? ಅರ್ಥವಾದ ಹೆಚ್ಚಿದಷ್ಟೂ ವಿಧಿ ಕುಗ್ಗುತ್ತದೆ ಎಂಬ ನ್ಯಾಯದಿಂದ, ಕಡಿಮೆ ಹೊಗಳಿಕೊಂಡದ್ದನ್ನು ಕೊಳ್ಳಬೇಕು. ಮೇಲೆ ಹೇರಿದ್ದು ಹೆಚ್ಚಾದಷ್ಟೂ ನೀರು ಹೆಚ್ಚು; ಆದ್ದರಿಂದ ತೆಳು ತಳದ ಬರಿ ಚೀಸಿನದು ಉತ್ತಮ. ಉಳಿದದ್ದನ್ನು ನಮ್ಮ ಕೈಯಿಂದ ಮಾಡುವುದು: ಈರುಳ್ಳಿ ತೆಳ್ಳಗೆ ಸೀಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ, ಇಳಿಸಿದ ಮೇಲೆ ಚಟ್ನಿಪುಡಿ ಉದುರಿಸುವುದು. ಇಟಲಿಯವರು ಆಕ್ಷೇಪಿಸಿದರೆ, ಕ್ರಿಯೆಯೇ ಪ್ರಧಾನ, ದ್ರವ್ಯ ಗೌಣ ಎನ್ನುವುದು.

ಫಲಶ್ರುತಿ

ಇದನ್ನು ಫ್ರೀಜರ್ ಸಾಲಿನ ಮುಂದೆ ನಿಂತು ಪಠಿಸುವವನಿಗೆ ಪೆಟ್ಟಿಗೆಯ ಚಿತ್ರದಿಂದ ಮೋಹವಾಗದು. ಓವನ್ನಿನ ಮುಂದೆ ಪಠಿಸುವವನಿಗೆ ತಳ ಗರಿಗರಿಯಾಗುವುದು. ಓವನ್ನಿನ ಕೆಳಗಿನ ಜಾಲರಿಯಲ್ಲಿ ಒಂದು ತಟ್ಟೆ ಇಟ್ಟು ಪಠಿಸುವವನ ಮನೆಯ ನೈಯಾಯಿಕ ಚಾವಣಿಯಲ್ಲಿ ಮೌನವಾಗಿರುವನು. ಮಿಕ್ಕ ತುಂಡುಗಳನ್ನು ಮರುದಿನ ಬಿಸಿ ಮಾಡುವ ವಿಚಾರವನ್ನು ಶೇಷಪ್ರಕರಣವೆಂದು ಪ್ರತ್ಯೇಕ ಬರೆಯಬೇಕೆಂದು ಹಲವರು ಕೇಳಿದ್ದುಂಟು. ದೇವದತ್ತನನ್ನು ವಿಚಾರಿಸಲಾಗಿ, ಶೇಷವೆಂಬ ಪದಾರ್ಥವೇ ಇಲ್ಲವೆಂದು ತಿಳಿದುಬಂದ ಕಾರಣ ಗ್ರಂಥ ಇಲ್ಲಿಗೇ ಸಮಾಪ್ತ.