ಭೂತಾಯಿಗೆ ಕೊಟ್ಟ ಚಾವಿ

ನಮ್ಮ ಕಾಲೇಜಿನ ಕಚೇರಿಯಲ್ಲಿ ಚಾವಿಗಳಿಗೆಂದೇ ಒಂದು ರಿಜಿಸ್ಟರ್ ಇದೆ. ಅದನ್ನು ಜಾರಿಗೆ ತಂದವನು ನಾನು. ಲ್ಯಾಬಿನ ಚಾವಿ, ಲೈಬ್ರರಿಯ ಚಾವಿ, ನೀರಿನ ಮೋಟರ್ ಕೋಣೆಯ ಚಾವಿ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದೆ ಎಸೆಯಲು ಮಾತ್ರ ಧೈರ್ಯ ಸಾಲದ ಚಾವಿ, ಎಲ್ಲಕ್ಕೂ ನಂಬರಿನ ಬಿಲ್ಲೆ ಕಟ್ಟಿ ಮೊಳೆಗೆ ತೂಗುಹಾಕಿಸಿದ್ದೇನೆ. ಸಹಿ ಮಾಡದೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ಪ್ರಿನ್ಸಿಪಾಲರಿಗೇ ಸಹಿ ಇಲ್ಲದೆ ಅವರ ಕೋಣೆಯ ಚಾವಿ ಕೊಡಲಿಲ್ಲವೆಂದು ಸೇಡಂನ ಚಹಾ ಹೋಟೆಲುಗಳಲ್ಲಿ ನನ್ನ ಶಿಸ್ತಿನ ಬಗ್ಗೆ ನಾಲ್ಕು ಮಾತು ಓಡಾಡುತ್ತಿದ್ದವು.

ಇಂಥವನ ಸ್ವಂತ ಕಾರಿಗೆ ಇದ್ದದ್ದು ಒಂದೇ ಚಾವಿ.

ಕಾರು ಕೊಂಡದ್ದು ವಾಡಿಯಲ್ಲಿ, ವರ್ಗವಾಗಿ ಗಂಟುಮೂಟೆ ಕಟ್ಟುತ್ತಿದ್ದ ರೈಲ್ವೆ ನೌಕರರೊಬ್ಬರಿಂದ. ನನಗೆ ಕಾರಿನ ವಿಷಯ ಏನೂ ತಿಳಿಯದು. ಅದು ಅವರಿಗೆ ತಿಳಿಯಬಾರದೆಂದು ಬಾನೆಟ್ ಎತ್ತಿಸಿ ಬಹಳ ಹೊತ್ತು ಒಳಗೆ ಬಗ್ಗಿ ನೋಡಿದೆ, ಟೈರಿಗೆ ಒದ್ದೆ, ಸೀಟಿನ ಕವರು ಹರಿದದ್ದನ್ನು ತೋರಿಸಿ ಒಂದಿಷ್ಟು ರೇಟು ಇಳಿಸಿದೆ. ಹೊಸ ಗಾಡಿಗೆ ಎರಡು ಚಾವಿ ಕೊಡುತ್ತಾರೆ, ಎಷ್ಟೋ ಗಾಡಿಗಳಿಗೆ ಚಾವಿಯ ನಂಬರು ಕೊರೆದ ಪುಟ್ಟ ಬಿಲ್ಲೆಯನ್ನೂ ಕೊಡುತ್ತಾರೆ ಎಂಬ ಸಂಗತಿ ಬಾನೆಟ್ಟಿನೊಳಗೆ ಎಲ್ಲೂ ಬರೆದಿರಲಿಲ್ಲ. "ಇನ್ನೊಂದು ಚಾವಿ ಸಾಮಾನಿನಾಗ ಎಲ್ಲೋ ಅದ ಸರ, ಸಿಕ್ಕ ಕೂಡ್ಲೆ ಕಳಿಸ್ತೀನಿ" ಎಂದರು. "ಅವಸರ ಇಲ್ರಿ" ಎಂದು ದೊಡ್ಡ ಮನಸ್ಸು ಮಾಡಿದೆ. ಅವರೂ ಅವಸರ ಮಾಡಲಿಲ್ಲ.

ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಹಸಿಕಾಳು-ಸೊಪ್ಪು-ಬದನೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ ಬುಟ್ಟಿ ತುಂಬಿಕೊಂಡು ಹೋಗಿ, ಭೂತಾಯಿಗೆ ಪೂಜೆ ಮಾಡಿ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮುಂದಿನವನು ಚರಗ ಚೆಲ್ಲುತ್ತ ಹೋದರೆ ಹಿಂದಿನವನು ನೀರು ಚಿಮುಕಿಸುತ್ತ ಬರುತ್ತಾನೆ. ಚಿಂಚೋಳಿ ಕಡೆಯ ನಮ್ಮ ಮಾವನವರ ಹೊಲಕ್ಕೆ ನಾನು ಕಾರಿನಲ್ಲಿ ಹೋದ ಮೊದಲ ಅಮಾವಾಸ್ಯೆ ಅದು. ಕಾರು ತಂದ ಅಳಿಯನೆಂದು ಚರಗದ ಬುಟ್ಟಿ ನನ್ನ ಕೈಗೇ ಬಂತು.

ಮಾವನವರು ಪೂಜೆಗೆ ಧೋತರ ಉಡಿಸಿದ್ದರು. ಧೋತರಕ್ಕೆ ಕಿಸೆ ಇಲ್ಲ. ಅಂಗಿಯ ಕಿಸೆಯಲ್ಲಿ ಮೊಬೈಲು. ಹೀಗಾಗಿ ಚಾವಿಯ ರಿಂಗನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಕಿಸೆ ಇದ್ದಿದ್ದರೂ ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದೆ. ಬೆರಳಲ್ಲಿ ಚಾವಿ ತಿರುವುತ್ತ ನಡೆದರೆ ಇವನಿಗೆ ಕಾರಿದೆ ಎಂಬುದು ನಾಲ್ಕು ಹೊಲದಾಚೆಯವರಿಗೂ ಗೊತ್ತಾಗುತ್ತದೆ. ಕೈಗೆ ಭಜ್ಜಿಯ ಎಣ್ಣೆ ಹತ್ತಿತ್ತು. ಹಿಂದೆ ನೀರಿನ ತಂಬಿಗೆ ಹಿಡಿದ ಭಾವಮೈದುನ ಜೋರಾಗಿ ಕೂಗುತ್ತಿದ್ದ. ನಾನೂ ಹುರುಪಿಗೆ ಬಿದ್ದು ಕೈ ಬೀಸಿ ಬೀಸಿ ಚೆಲ್ಲಿದೆ. ಉಂಡು, ಮರದ ಕೆಳಗೆ ಅಡ್ಡಾಗಿ, ಹೊತ್ತು ಇಳಿದ ಮೇಲೆ ಹೊರಡೋಣವೆಂದು ಎದ್ದಾಗ ಕಿರುಬೆರಳು ಬರಿದಾಗಿತ್ತು.

ಜೋಳ ಎದೆಮಟ್ಟ ನಿಂತಿತ್ತು. ಕೆಳಗೆ ಎರೆ ಭೂಮಿ. ಹಿಂಗಾರಿಯಲ್ಲಿ ಅದು ಬಿರಿಯುವ ರೀತಿ ಕಂಡವರಿಗೇ ಗೊತ್ತು: ಕೈ ಹಾಕಿದರೆ ಮೊಳಕೈವರೆಗೂ ಹೋಗುತ್ತದೆ, ತಳ ಸಿಗುವುದಿಲ್ಲ. ಮೊಬೈಲ್ ಟಾರ್ಚು ಹಿಡಿದು ಒಂದೊಂದೇ ಬಿರುಕು ಇಣುಕಿದೆವು. ಹುಡುಕಿ ಕೊಟ್ಟವರಿಗೆ ನೂರು ರೂಪಾಯಿ ಎಂದು ಸಾರಿದೆ. ಅಕ್ಕಪಕ್ಕದ ಹೊಲದ ಹುಡುಗರೆಲ್ಲ ಬಂದು ಜೋಳ ತುಳಿಯತೊಡಗಿದ ಮೇಲೆ, ನೂರು ರೂಪಾಯಿ ನಾನೇ ಕೊಡುತ್ತೇನೆ, ಹೊಲ ಬಿಟ್ಟು ಹೋಗಿರೆಂದು ಮಾವನವರು ಸಾರಬೇಕಾಯಿತು.

"ಹೋಗ್ಲಿ ಬಿಡ್ರಿ ಅಳಿಯಾರ" ಎಂದರು ಅವರು, "ಭೂತಾಯಿಗಿ ಕೊಟ್ಟದ್ದು ತಿರುಗಿ ಕೇಳ್ತಾರೇನು?"

"ಚಿಂತಿ ಮಾಡಬ್ಯಾಡ ಭಾವಾ" ಎಂದ ಭಾವಮೈದುನ, "ಮುಂದಿನ ವರ್ಷ ಇದೇ ಸಾಲಿನಾಗ ಕಾರ್ ಬೆಳಿತಾವ."

ಕಾಲೇಜಿನ ಇತಿಹಾಸದ ಲೆಕ್ಚರರ್ ಫೋನಿನಲ್ಲಿ ಸಮಾಧಾನ ಹೇಳಿದ ಬಗೆಯೇ ಬೇರೆ. ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ, ಸನ್ನತಿಯ ಪಕ್ಕ, 1990ರ ದಶಕದಲ್ಲಿ ಅಗೆದಾಗ ಅಶೋಕನ ಶಿಲ್ಪವೇ ಸಿಕ್ಕಿತಂತೆ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇತ್ತಂತೆ. "ನಮ್ಮ ಮಣ್ಣು ಏನನ್ನೂ ಕಳಕೊಳ್ಳಾಂಗಿಲ್ರಿ. ಜರಾ ತಡ ಆಗ್ತದ ಅಷ್ಟೇ."

ಗಾಡಿಯನ್ನಾದರೂ ಊರಿಗೆ ಎಳೆದೊಯ್ಯೋಣವೆಂದು ಮಾವನವರು ಟ್ರ್ಯಾಕ್ಟರ್ ತರಿಸಿದರು. ಆಗ ತಿಳಿಯಿತು, ಚಾವಿ ತೆಗೆದ ಕಾರಿನ ಸ್ಟೇರಿಂಗ್ ತಾನೇ ಬೀಗ ಹಾಕಿಕೊಳ್ಳುತ್ತದೆ. ನಾನು ಗಾಡಿ ನಿಲ್ಲಿಸುವಾಗ ಗಾಲಿ ಎಡಕ್ಕೆ ತಿರುಗಿತ್ತು, ಹ್ಯಾಂಡ್‌ಬ್ರೇಕೂ ಎಳೆದಿತ್ತು. ಟ್ರ್ಯಾಕ್ಟರ್ ರಸ್ತೆಯ ಕಡೆ ಎಳೆದರೆ ಕಾರು ಹಿಂದಿನ ಗಾಲಿ ಉಜ್ಜಿಕೊಳ್ಳುತ್ತ ಪಕ್ಕದವರ ಕಡಲೆ ಹೊಲದ ಕಡೆಗೇ ಹೊರಟಿತು. ಕಡಲೆಯ ಧಣಿ ಬದುವಿನ ಮೇಲೆ ಬಂದು ನಿಂತದ್ದರಿಂದ ಆ ಪ್ರಯತ್ನವನ್ನು ಅಲ್ಲಿಗೇ ಬಿಟ್ಟೆವು. ರಾತ್ರಿ ಕಾರಿನ ಕಾವಲಿಗೆ ಒಬ್ಬ ಆಳನ್ನು ಮಲಗಿಸಿದರು. ಯಾರೂ ಚಾಲು ಮಾಡಲಾಗದ ಕಾರನ್ನು ಯಾರು ಕದಿಯುತ್ತಾರೆಂದು ಅವನು ಕೇಳಿದ. ಅವನೊಬ್ಬನಿಗೇ ಅಂದು ತಲೆ ನೆಟ್ಟಗಿತ್ತೆಂದು ಕಾಣುತ್ತದೆ.

ಬಸ್ಸಿನಲ್ಲಿ ಸೇಡಂಗೆ ಹೊರಟೆವು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಹೆಂಡತಿ, ನಾದಿನಿ, ಮಗಳು ಮೂವರೂ ಶಕ್ತಿ ಯೋಜನೆಯಲ್ಲಿ ಆರಾಮಾಗಿ ಕೂತರು. ಟಿಕೆಟ್ ಕೊಂಡು ನಿಂತವನು ಕಾರಿನ ಮಾಲೀಕ. ಅರ್ಧ ದಾರಿಯಲ್ಲಿ ಹೆಂಡತಿ ತಣ್ಣಗೆ ಕೇಳಿದಳು: "ಏನ್ರೀ, ಮನಿ ಚಾವಿ ನನ್ ವ್ಯಾನಿಟಿ ಬ್ಯಾಗಿನಾಗ ಅದ. ಬ್ಯಾಗ್ ಎಲ್ಲದ ಗೊತ್ತದ ಇಲ್ಲೋ?" ಬ್ಯಾಗು ಕಾರಿನ ಹಿಂದಿನ ಸೀಟಿನಲ್ಲಿತ್ತು. ಆ ರಾತ್ರಿ ನಮ್ಮದೇ ಮನೆಯ ಬೀಗವನ್ನು ಅಂಗಳದ ಶಹಾಬಾದ್ ಪರ್ಸಿಯ ತುಂಡಿನಿಂದ ಕುಟ್ಟಿದೆ. ಪರ್ಸಿ ಒಡೆಯಿತು. ಸುತ್ತಿಗೆ ತಂದು ಕೆಲಸ ಮುಗಿಸಿದವನು ನಮ್ಮ ಕಾಲೇಜಿನ ಜವಾನ, ರಿಜಿಸ್ಟರಿನಲ್ಲಿ ಸಹಿ ಮರೆತನೆಂದು ನಾನು ಪ್ರತಿ ಸೋಮವಾರ ಗದರುವ ಅದೇ ಮನುಷ್ಯ. ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುದಿನ ರೈಲು ಹತ್ತಿದೆ. ಸೇಡಂ, ಮಳಖೇಡ ರೋಡ್, ಚಿತ್ತಾಪುರ, ವಾಡಿ ಎಲ್ಲ ಒಂದೇ ಹಳಿಯ ಮೇಲಿವೆ. ಸಿಕಂದರಾಬಾದನ್ನು ಮುಂಬೈ–ಮದ್ರಾಸ್ ದಾರಿಗೆ ಕೂಡಿಸಲು ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯವರೆಗೆ ಹಾಕಿದ ಹಳಿ ಇದು. ಮಳಖೇಡ ರೋಡ್ ದಾಟುವಾಗ ರಾಷ್ಟ್ರಕೂಟರ ಕೋಟೆ ಬಾಗಿಲಿನ ಚಾವಿ ಯಾರ ಹತ್ತಿರ ಇರುತ್ತಿತ್ತು, ಎಷ್ಟು ಚಾವಿ ಇದ್ದವು ಎಂದು ಯೋಚಿಸಿದೆ. ಚಾವಿ ಕಳಕೊಂಡವನಿಗೆ ಅಮೋಘವರ್ಷ ನೃಪತುಂಗನೂ ಬೀಗದ ಮಾಲೀಕನಾಗಿಯೇ ಕಾಣುತ್ತಾನೆ.

ಚಿತ್ತಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಚಾವಿ ಮಾಡುವವರೊಬ್ಬರು ಕೂತಿರುತ್ತಾರೆ. ಸಣ್ಣ ಮೇಜು, ತಂತಿಗೆ ಪೋಣಿಸಿದ ಖಾಲಿ ಚಾವಿಗಳ ದೊಡ್ಡ ಸರ, ಅರ. ಸಂದೂಕ, ಅಲಮಾರಿ, ಬೈಕು, ಯಾವುದಕ್ಕೂ ಅವರು ಹೂಂ ಅನ್ನುವವರು. ನನ್ನ ಗಾಡಿಯ ಹೆಸರು ಕೇಳಿ ಅರ ಕೆಳಗಿಟ್ಟರು. "ಬಾಗಲ ತಗಿಸ್ಕೊಡ್ತೀನಿ ಸಾಹೇಬ್ರ. ಇಂಜಿನ್ ಮಾತ್ರ ನನ್ನ ಮಾತು ಕೇಳಂಗಿಲ್ಲ. ನೀವು ಶಹಾಬಾದಿಗಿ ಹೋಗ್ರಿ."

ನಡುವೆ ವಾಡಿಯಲ್ಲಿ ಇಳಿದು ಹಳೆಯ ಮಾಲೀಕರ ಕ್ವಾರ್ಟರ್ಸಿಗೆ ಹೋದೆ. ಬೇರೆ ಸಂಸಾರ ಬಂದಿತ್ತು. ಅವರ ಹತ್ತಿರ ನಂಬರು ತಗೊಂಡು ಫೋನ್ ಮಾಡಿದರೆ ಆ ಕಡೆಯಿಂದ ಬಹಳ ಪ್ರಾಮಾಣಿಕ ಉತ್ತರ ಬಂತು: "ಖರೇ ಹೇಳ್ತೀನಿ ಸರ, ನನಗ ಮಾರಿದವ್ರೂ ಒಂದೇ ಕೊಟ್ಟಿದ್ರು. ಎರಡನೇದು ಕಳಿಸ್ತೀನಂದಿದ್ರು."

ಶಹಾಬಾದಿನ ಗ್ಯಾರೇಜಿನ ಹುಡುಗನಿಗೆ ಇಪ್ಪತ್ತೈದು ದಾಟಿರಲಾರದು. ಚಾವಿ ಅನ್ನುವುದು ಬರೀ ಕಬ್ಬಿಣ ಎಂದು ತಿಳಿದಿದ್ದ ನನಗೆ ಅವನೇ ಪಾಠ ಹೇಳಿದ. "ಚಾವಿ ತಲ್ಯಾಗ ಸಣ್ಣ ಚಿಪ್ ಇರ್ತದ್ರಿ ಸರ. ಅದಕ್ಕ ಸೆಲ್ಲೂ ಬ್ಯಾಡ. ಚಾವಿ ಹಾಕೋ ತೂತಿನ ಸುತ್ತ ತಂತಿ ಸುರುಳಿ ಕುಂದ್ರಿಸಿರ್ತಾರ. ನೀವು ಚಾವಿ ತಿರುವಿದ್ರ ಅದು ಚಿಪ್‌ಗಿ ಕರೆಂಟ್ ಕೊಟ್ಟು 'ಯಾರು ನೀ' ಅಂತ ಕೇಳ್ತದ. ಚಿಪ್ ತನ್ನ ನಂಬರ್ ಹೇಳ್ತದ. ಇಂಜಿನ್ ಕಂಪ್ಯೂಟರಿನಾಗ ಆ ನಂಬರ್ ಬರ್ದಿದ್ರ ಗಾಡಿ ಚಾಲು. ಇಲ್ಲಾಂದ್ರ ಹಂಗೇ ಕರಡಿ ಕುಣದಂಗ ಒಂದ್ ಕ್ಷಣ ಅಲುಗಾಡಿ ಬಂದ್."

ಎದೆಗೆ ತಟ್ಟಿದ ಹಾಗಾಯಿತು. ರಿಜಿಸ್ಟರಿನಲ್ಲಿ ನಂಬರಿಲ್ಲದವನಿಗೆ ಕೆಲಸ ಮಾಡಿಕೊಡದ ಇಂಜಿನ್ನು! ಇಷ್ಟು ವರ್ಷ ಸರ್ಕಾರಿ ಕಚೇರಿಯಲ್ಲಿ ನಾನು ಮಾಡಿದ್ದನ್ನೇ ಅದು ನನಗೆ ಮಾಡುತ್ತಿತ್ತು.

"ಮಾಡಿ ಕೊಡ್ತೀನಿ. ಆರ್‌ಸಿ, ಆಧಾರ್ ತೋರಿಸ್ರಿ. ಕಳ್ಳರೂ ಹಿಂಗೇ ಬರ್ತಾರ ಸರ, ನೀವಂತಲ್ಲ."

ಆರ್‌ಸಿ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಕಾರಿಗೆ ಚಾವಿ ಬೇಕಾದರೆ ಆರ್‌ಸಿ ಬೇಕು, ಆರ್‌ಸಿ ಬೇಕಾದರೆ ಕಾರಿನ ಚಾವಿ ಬೇಕು. ಡಿಜಿಲಾಕರ್‌ನಲ್ಲಿ ತೋರಿಸಿ ಎಂದ. ತೋರಿಸಬಹುದಿತ್ತು, ಆರ್‌ಸಿ ನನ್ನ ಹೆಸರಿನಲ್ಲಿದ್ದಿದ್ದರೆ. ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನೇ ಇದೆ. ಫಾರ್ಮ್ 29, ಫಾರ್ಮ್ 30 ಎರಡನ್ನೂ ನೀಟಾಗಿ ತುಂಬಿದ್ದೆ, ಸಹಿಗಳೂ ಆಗಿದ್ದವು. ಅವೂ ಆರ್‌ಸಿಯ ಪಕ್ಕದಲ್ಲೇ, ಅದೇ ಖಾನೆಯಲ್ಲೇ ಇದ್ದವು. ಹುಡುಗ ನನ್ನ ಮುಖವನ್ನು ಎರಡನೇ ಸಲ ನೋಡಿದ, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ನಾನು ಕಾಲೇಜಿನ ಐಡಿ ಕಾರ್ಡ್ ತೆಗೆದೆ. ಹಳೆಯ ಮಾಲೀಕರು ವಿಡಿಯೋ ಕಾಲಿನಲ್ಲಿ ತಮ್ಮ ಆಧಾರ್ ಹಿಡಿದು, "ಅವ್ರಿಗೇ ಮಾರೀನಿ, ಪಾಪ ಒಳ್ಳೆಯವ್ರು" ಎಂದು ಸಾಕ್ಷಿ ನುಡಿದರು. ಪೊಲೀಸ್ ಸ್ಟೇಶನ್ನಿಗೆ ಹೋಗಿ ಚಾವಿ ಕಳೆದ ಬಗ್ಗೆ ಅರ್ಜಿ ಕೊಟ್ಟು ಸ್ವೀಕೃತಿ ತಂದೆ. ಎಲ್ಲಿ ಕಳೆಯಿತೆಂದು ಕೇಳಿದ್ದಕ್ಕೆ ಚರಗದ ವಿಷಯ ಹೇಳಿದಾಗ ಬರೆಯುತ್ತಿದ್ದ ಪೇದೆ ಪೆನ್ನು ನಿಲ್ಲಿಸಿ ಒಳಗಿದ್ದವರನ್ನೂ ಕರೆದು ಇನ್ನೊಮ್ಮೆ ಹೇಳಿಸಿದ.

ಹುಡುಗ ಹೊಲಕ್ಕೇ ಬಂದ. ತೆಳ್ಳಗಿನದೊಂದು ಸಲಕರಣೆ ಬಾಗಿಲ ತೂತಿಗೆ ಹಾಕಿ ಕಿವಿಗೊಟ್ಟು ತಿರುವಿದ. ಅತ್ತೆ ತಂದ ಚಹಾ ಆರುವುದರೊಳಗೆ ಬಾಗಿಲು ತೆರೆಯಿತು. ಇದೇ ಬಾಗಿಲನ್ನು ನಾನು ದಿನಾ ರಾತ್ರಿ ಎಳೆದೆಳೆದು ನೋಡಿ ನಿಶ್ಚಿಂತೆಯಿಂದ ಮಲಗುತ್ತಿದ್ದೆ. ಬೀಗದ ಹಲ್ಲು ನೋಡಿಕೊಂಡು ಹೊಸ ಚಾವಿ ಕತ್ತರಿಸಿದ. ಆಮೇಲೆ ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ತನ್ನ ಮಷೀನ್ ಚುಚ್ಚಿ ಕಾಯುತ್ತ ಕೂತ. ಮಷೀನ್ ಏನೋ ಕೇಳಿತು. "ಹಳೇ ಚಾವಿಗಳನ್ನೆಲ್ಲಾ ಅಳಿಸ್ಲೇನು ಅಂತ ಕೇಳ್ತದ್ರಿ. ಅಳಿಸಿದ್ರ ಮತ್ತ ಹಳೇದು ಸಿಕ್ರೂ ಗಾಡಿ ಚಾಲು ಆಗಂಗಿಲ್ಲ."

"ಅಳಸು" ಎಂದೆ, ನ್ಯಾಯಾಧೀಶನ ಗತ್ತಿನಲ್ಲಿ. ಇಂಜಿನ್ ಗುರುಗುಟ್ಟಿತು. ಎರಡು ಚಾವಿಗಳಿಗೆ ಅವನು ಹೇಳಿದ ಮೊತ್ತ ಕೇಳಿ ನನ್ನಿಂದಲೂ ಅಂಥದೇ ಸದ್ದು ಬಂತು. ಹರಿದ ಸೀಟ್ ಕವರು ತೋರಿಸಿ ಇಳಿಸಿದ್ದ ರೊಕ್ಕವೆಲ್ಲ ಅಲ್ಲಿಗೆ ಸಂದಿತು, ಮೇಲಿಷ್ಟು ಕೈಯಿಂದಲೂ ಹೋಯಿತು.

ಸುಗ್ಗಿಯಲ್ಲಿ ಜೋಳ ಕಿತ್ತು ಕಣಕ್ಕೆ ಹಾಕುವಾಗ ಆಳಿನ ಹೆಣ್ಣುಮಗಳೊಬ್ಬಳಿಗೆ ಹಳೆಯ ಚಾವಿ ಸಿಕ್ಕಿತು. ಮಾವನವರು ನೂರು ರೂಪಾಯಿ ಕೊಟ್ಟು, ತೊಳೆದು, ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ಗಾಡಿ ಚಾಲು ಮಾಡಲು ಅದು ಬಾರದು ನಿಜ, ಆದರೆ ಬಾಗಿಲು, ಡಿಕ್ಕಿ ಎರಡನ್ನೂ ತೆರೆಯುತ್ತದೆ. ಅದು ಅವರಿಗೆ ನನಗಿಂತ ಮೊದಲೇ ಗೊತ್ತಾಯಿತು. ಈಗ ನಾನು ಚಿಂಚೋಳಿಗೆ ಹೋದಾಗಲೆಲ್ಲ, ಉಂಡು ಕೈತೊಳೆದು ಹೊರಗೆ ಬರುವಷ್ಟರಲ್ಲಿ ಹಿಂದಿನ ಸೀಟಿನ ಮೇಲೆ ತೊಗರಿ ಚೀಲ ಕೂತಿರುತ್ತದೆ, ಡಿಕ್ಕಿಯಲ್ಲಿ ಹಿಂಡಿ.

"ಹ್ಯಾಂಗೂ ಸೇಡಂಗ ಹೊಂಟೀರಿ" ಎನ್ನುತ್ತಾರೆ ಮಾವನವರು, ಚಾವಿಯನ್ನು ಮತ್ತೆ ಧೋತರದೊಳಗೆ ಸೇರಿಸುತ್ತ, "ಸುಲೇಪೇಟದಾಗ ನಮ್ಮವ್ರು ನಿಂತಿರ್ತಾರ, ಇಳಿಸಿ ಹೋಗ್ರಿ. ನೀವೇನೂ ಇಳಿಯೋದು ಬ್ಯಾಡ, ಅವ್ರಿಗೂ ಒಂದು ಚಾವಿ ಮಾಡಿಸಿ ಕೊಟ್ಟೀನಿ."