ಸಪ್ಪಳ ಪಂಡಿತರು

ಕಮತಗಿಯಂಥ ಊರಿನ ಬಸ್‌ಸ್ಟ್ಯಾಂಡಿನ ಎದುರು ಚಹಾದಂಗಡಿ ಇದ್ದಮೇಲೆ ಅದರ ಕಟ್ಟೆಯ ಮೇಲೆ ಸಪ್ಪಳ ಪಂಡಿತರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಗ್ಯಾರೇಜಿಲ್ಲ, ಪಾನಾ ಪೆಟ್ಟಿಗೆಯಿಲ್ಲ, ಅಂಗಿಯ ಮೇಲೆ ಗ್ರೀಸಿನ ಕಲೆಯೂ ಇಲ್ಲ. ಇರುವುದು ಎರಡು ಕಿವಿ ಮತ್ತು ಬಾಗಲಕೋಟೆಯ ಸ್ಪೇರ್‌ಪಾರ್ಟ್ಸ್ ಅಂಗಡಿಯವನ ಮೊಬೈಲ್ ನಂಬರು. ಹಳೆಯ ಬೊಲೆರೊ ಒಂದು ತಗ್ಗಿಗಿಳಿದು ‘ಖಟ್’ ಎಂದರೆ ಸಾಕು, ತಲೆಯೆತ್ತಿ ನೋಡದೆಯೇ ತೀರ್ಪು ಬರುತ್ತದೆ: “ಗೌಡ್ರ, ಲಿಂಕ್ ರಾಡ್ ಹೋಗೇತಿ ನೋಡ್ರಿ.” ಗೌಡರು ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿದರೆ ಸ್ಟೇರಿಂಗೂ ನಡುಗುತ್ತದೆ ಎಂದು ಹೇಳಿಕೊಂಡರೆ ಎರಡನೆಯ ತೀರ್ಪು: “ಡಿಸ್ಕ್ ಬೆಂಡ್ ಆಗೇತಿ. ಎರಡೂ ತಗದ್ ಒಗೀರಿ.” ಇಷ್ಟಕ್ಕೆ ಅರ್ಧ ಕಪ್ ಚಹಾ ಆರುವಷ್ಟು ಹೊತ್ತೂ ಹಿಡಿಯುವುದಿಲ್ಲ. ಪಂಡಿತರ ಸ್ವಂತ ಮೋಟರ್‌ಸೈಕಲ್ಲಿನ ಚೈನು ಸಡಿಲಾಗಿ ಕವರಿಗೆ ಬಡಿಯುತ್ತ ಊರೆಲ್ಲ ಸುತ್ತುತ್ತದೆ. ಆ ಒಂದು ಸಪ್ಪಳ ಮಾತ್ರ ಅವರ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಇವರಿಗೆ ಏನೂ ಗೊತ್ತಿಲ್ಲ ಎನ್ನುವವರು ಅನ್ಯಾಯ ಮಾಡುತ್ತಾರೆ. ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಶ್, ಶಾಕ್ ಅಬ್ಸಾರ್ಬರ್ ಎಂದು ಗಾಡಿಯ ಮುಂಭಾಗದ ಅಷ್ಟೋತ್ತರವನ್ನು ಅವರು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಅವರ ದೋಷ ಬೇರೆ ಕಡೆಗಿದೆ. ‘ಏನ್ ಹೋಗೇತಿ?’ ಎಂಬ ಪ್ರಶ್ನೆಗೆ ಅವರಲ್ಲಿ ಯಾವಾಗಲೂ ಉತ್ತರವಿದೆ; ‘ಯಾವಾಗ ಬರ್ತೈತಿ?’ ಎಂಬ ಪ್ರಶ್ನೆಯನ್ನು ಅವರು ಕೇಳುವುದೇ ಇಲ್ಲ. ಗಾಡಿಯ ರೋಗ ಹಿಡಿಯುವ ವಿದ್ಯೆಯೆಲ್ಲ ಈ ಎರಡನೆಯ ಪ್ರಶ್ನೆಯಲ್ಲೇ ಅಡಗಿದೆ ಎಂಬುದು ನನ್ನ ವಾದ. ಕೇಳದೆ ಹೋದರೂ ಪಂಡಿತರಿಗೆ ಸೋಲಿಲ್ಲವಲ್ಲ, ಏಕೆ? ಅದಕ್ಕೆ ಮೊದಲ ಕಾರಣ ನಮ್ಮ ರಸ್ತೆ ಮತ್ತು ನಮ್ಮ ಗಾಡಿಗಳು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣಿನ ಮೇಲೆ ಹಾಸಿದ ಡಾಂಬರು ಹೆಚ್ಚು ದಿನ ಸಮನಾಗಿ ಇರುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಹೊತ್ತ ಲಾರಿಗಳು ಉಳಿದ ಕೆಲಸ ಮುಗಿಸುತ್ತವೆ. ಆ ರಸ್ತೆಯ ಮೇಲೆ ಓಡುವುದು 1994ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಟಾಟಾ ಸುಮೋ, 2000ದಿಂದ ಓಡುತ್ತಿರುವ ಮಹೀಂದ್ರಾ ಬೊಲೆರೊ. ಬನಶಂಕರಿ ಜಾತ್ರೆಗೆ, ಕೂಡಲಸಂಗಮಕ್ಕೆ, ಮದುವೆಯ ನಿಬ್ಬಣಕ್ಕೆ ಹೇಳಿದ್ದಕ್ಕಿಂತ ನಾಲ್ಕು ಮಂದಿ ಹೆಚ್ಚಿಗೆ ಹೊತ್ತ ಗಾಡಿಗಳಿವು. ಇಂಥ ಗಾಡಿಯ ಮುಂಭಾಗದಲ್ಲಿ ಎಲ್ಲವೂ ಅಷ್ಟಿಷ್ಟು ಸವೆದೇ ಇರುತ್ತದೆ. ಆದ್ದರಿಂದ ಪಂಡಿತರು ಕಣ್ಣು ಮುಚ್ಚಿ ಯಾವ ಹೆಸರು ಹೇಳಿದರೂ ಬಿಚ್ಚಿ ನೋಡಿದಾಗ ಅದು ಸವೆದಿರುತ್ತದೆ. “ನಾ ಹೇಳಿದ್ದಿಲ್ಲೇನು?” ಎನ್ನಲು ಅವರಿಗೆ ಅಷ್ಟು ಸಾಕು. ಖಟ್ ಎನ್ನುತ್ತಿದ್ದುದು ಅದೇ ಭಾಗವೇ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಈಗ ‘ಯಾವಾಗ’ ಎಂದು ಕೇಳಿ ನೋಡೋಣ. ಒಂದೇ ಕಡೆಯ ಗಾಲಿ ತಗ್ಗಿಗೆ ಇಳಿದಾಗ ಖಟ್ ಎಂದು, ಎರಡೂ ಗಾಲಿ ಒಟ್ಟಿಗೇ ಹಂಪ್ಸ್ ಏರಿದಾಗ ಸುಮ್ಮನಿದ್ದರೆ ಲಿಂಕ್ ರಾಡಿನ ಮೇಲೆ ಸಂಶಯ ಪಡಬಹುದು. ಎರಡೂ ಗಾಲಿ ಸಮನಾಗಿ ಏಳುವಾಗ ಆ ರಾಡು ಜೋಡಿಸಿರುವ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದಿಲ್ಲ, ಲಿಂಕಿನ ಮೇಲೆ ಜಗ್ಗಾಟವೂ ಬೀಳುವುದಿಲ್ಲ. ಬ್ರೇಕ್ ಹಿಡಿದ ಕ್ಷಣಕ್ಕೆ ಒಂದು ಸಲ, ಬಿಟ್ಟು ಹೊರಟಾಗ ಇನ್ನೊಂದು ಸಲ ಧಡ್ ಎಂದರೆ ಲೋವರ್ ಆರ್ಮಿನ ಬುಶ್ ನೋಡಬೇಕು. ಗಾಲಿ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಅದೇ. ಕಚ್ಚಾ ರಸ್ತೆಯಲ್ಲಿ ಗಡಗಡ ಎನ್ನುತ್ತಿದ್ದುದು ಬ್ರೇಕಿನ ಮೇಲೆ ಕಾಲು ಹಗುರವಾಗಿ ಇಟ್ಟೊಡನೆ ನಿಂತರೆ ತಂಟೆ ಸಸ್ಪೆನ್ಷನ್ನಿನದಲ್ಲ, ಕ್ಯಾಲಿಪರಿನ ಸಡಿಲು ಪಿನ್ನಿನದು. ನಿಂತ ಗಾಡಿಯಲ್ಲಿ ಒಬ್ಬ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಅಲುಗಿಸುತ್ತಿರಬೇಕು, ಇನ್ನೊಬ್ಬ ಒಂದೊಂದೇ ಜಾಯಿಂಟಿನ ಮೇಲೆ ಕೈ ಇಟ್ಟು ನೋಡಬೇಕು. ಸವೆದ ಜಾಯಿಂಟು ಅಂಗೈಗೇ ಬಡಿಯುತ್ತದೆ. ಗಾಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಬೇಕು: ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಬಾಲ್ ಜಾಯಿಂಟು. ಅದರಲ್ಲೂ ಸ್ಪ್ರಿಂಗು ಲೋವರ್ ಆರ್ಮಿನ ಮೇಲೆ ಕೂತಿರುವ ಗಾಡಿಗೆ ಜಾಕನ್ನು ಚಾಸಿಗೆ ಕೊಡದೆ ಆ ಆರ್ಮಿನ ಕೆಳಗೇ ಕೊಡಬೇಕು. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡಕ್ಕೆ ಸಿಕ್ಕಿ ಸವೆದ ಜಾಯಿಂಟೂ ಗಟ್ಟಿಯಾಗಿಯೇ ತೋರುತ್ತದೆ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರಿಗೆ ಈ ಖಟ್, ಧಡ್, ಗಡಗಡಗಳೆಲ್ಲ ಒಂದೇ ಸಪ್ಪಳ.

ಬ್ರೇಕಿನ ನಡುಕದಲ್ಲಂತೂ ಪಂಡಿತರಿಗೆ ರೋಗವೇ ರಕ್ಷಣೆ ಕೊಡುತ್ತದೆ. ಡಿಸ್ಕ್ ಕಾದು ಬಾಗಿತು ಎಂಬುದು ಅವರ ಸಿದ್ಧಾಂತ. ಬಹಳಷ್ಟು ಸಲ ಆಗಿರುವುದು ಬಾಗುವುದಲ್ಲ, ಡಿಸ್ಕಿನ ದಪ್ಪ ಒಂದೊಂದು ಕಡೆಗೆ ಒಂದೊಂದು ತೆರ ಆಗುವುದು. ಹಬ್ಬಿನ ಮೇಲೆ ತುಕ್ಕಿದ್ದರೆ, ಗಾಲಿಯ ನಟ್ಟುಗಳನ್ನು ಒಂದನ್ನು ಬಿಗಿಯಾಗಿ ಒಂದನ್ನು ಸಡಿಲಾಗಿ ಹಾಕಿದ್ದರೆ, ಡಿಸ್ಕು ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಆಮೇಲೆ ಪ್ರತಿ ಸುತ್ತಿಗೂ, ಬ್ರೇಕ್ ಒತ್ತದಿದ್ದಾಗಲೂ, ಅದೇ ಜಾಗ ಪ್ಯಾಡಿಗೆ ಉಜ್ಜಿ ಸವೆಯುತ್ತದೆ. ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸವಾದರೂ ಪೆಡಲು ಕಾಲನ್ನು ತಳ್ಳತೊಡಗುತ್ತದೆ, ಸ್ಟೇರಿಂಗು ನಡುಗುತ್ತದೆ. ಈಗ ಪಂಡಿತರ ಮಾತಿನಂತೆ ಹೊಸ ಡಿಸ್ಕ್ ತಂದು ಅದೇ ತುಕ್ಕಿನ ಹಬ್ಬಿಗೆ ಹಾಕಿದರೆ ಏನಾಗುತ್ತದೆ? ಗಾಡಿ ಬೆಣ್ಣೆಯಂತೆ ನಿಲ್ಲುತ್ತದೆ, ಪಂಡಿತರ ಕೀರ್ತಿ ಅಮೀನಗಡದ ಕುರಿ ಸಂತೆಯವರೆಗೂ ಹೋಗುತ್ತದೆ. ಓರೆ ಉಜ್ಜುತ್ತ ಉಜ್ಜುತ್ತ ಕೆಲವು ಸಾವಿರ ಕಿಲೋಮೀಟರಿನ ಮೇಲೆ ನಡುಕ ತಿರುಗಿ ಬಂದಾಗ ತೀರ್ಪು ಸಿದ್ಧವಿರುತ್ತದೆ: “ಡಿಸ್ಕ್ ಕಂಪನಿದಲ್ಲರೀ, ಡೂಪ್ಲಿಕೇಟ್ ಹಾಕ್ಯಾರ.” ಇಲ್ಲಿಯೂ ‘ಯಾವಾಗ’ ಎಂಬುದೇ ದಾರಿ ತೋರಿಸುತ್ತಿತ್ತು. ಬ್ರೇಕ್ ಒತ್ತದೆಯೂ ಒಂದು ವೇಗಕ್ಕೆ ಬಂದಾಗ ಸ್ಟೇರಿಂಗು ನಡುಗಿದರೆ ಮೊದಲು ನೋಡಬೇಕಾದ್ದು ಗಾಲಿಯ ಬ್ಯಾಲೆನ್ಸಿಂಗು. ಬ್ರೇಕ್ ಒತ್ತಿದಾಗ ಸ್ಟೇರಿಂಗು ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಡ್ರಮ್ಮಿನ ಗುಂಡಾಕಾರ ಕೆಟ್ಟಿರಬಹುದು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ನೋಡಿದರೆ ತಿಳಿಯುತ್ತದೆ. ಹೊಸ ಗಾಡಿಯಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ಪೆಡಲು ಬಡಿದುಕೊಂಡರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು. ಪಂಡಿತರ ಪ್ರಕಾರ ಅದೂ ಡಿಸ್ಕ್ ಬೆಂಡೇ.

ಕಿವಿಯೂ ಒಂದು ಸಾಧನವಲ್ಲವೇ, ಅನುಭವಿ ಮೇಸ್ತ್ರಿ ಕೇಳಿಯೇ ಹೇಳುವುದಿಲ್ಲವೇ ಎಂದು ಪಂಡಿತರ ಕಡೆಯವರು ಕೇಳಬಹುದು. ಕೇಳಿ ಹೇಳುತ್ತಾನೆ, ನಿಜ. ಆದರೆ ಸಪ್ಪಳದ ವಿಷಯದಲ್ಲಿ ಈ ನೆಲಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಮತಗಿ, ಸೂಳೇಬಾವಿ, ಗುಳೇದಗುಡ್ಡ ಮಗ್ಗದ ಊರುಗಳು. ಲಾಳಿಯ ಸಪ್ಪಳ ಒಂಚೂರು ಬದಲಾದರೆ ನೇಕಾರನಿಗೆ ಒಡನೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವನು ಮಾಡುವ ಮೊದಲ ಕೆಲಸವೆಂದರೆ ಮಗ್ಗ ನಿಲ್ಲಿಸಿ ಬಗ್ಗಿ ಎಳೆ ನೋಡುವುದು. ಕಿವಿ ಅವನನ್ನು ನಿಲ್ಲಿಸುತ್ತದೆ, ಕಣ್ಣು ಮತ್ತು ಕೈ ತೀರ್ಮಾನಿಸುತ್ತವೆ. ಸಪ್ಪಳ ಕೇಳಿದ್ದೇ ತಡ ಹೊಸ ಲಾಳಿ ತರಲು ಬಾಗಲಕೋಟೆಗೆ ಹೊರಟ ನೇಕಾರನನ್ನು ಯಾರೂ ಕಂಡಿಲ್ಲ. ಪಂಡಿತರು ಈ ಪರಂಪರೆಯ ಮೊದಲರ್ಧವನ್ನಷ್ಟೇ ಉಳಿಸಿಕೊಂಡಿದ್ದಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ಸಣ್ಣ ಊರಿನ ಗ್ಯಾರೇಜಿನಲ್ಲಿ ಡಿಸ್ಕಿನ ಓರೆ ಅಳೆಯುವ ಡಯಲ್ ಗೇಜು ಎಲ್ಲಿಂದ ಬರಬೇಕು? ಬಾಡಿಗೆ ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಯಿತು, ಊಹೆಯೇ ಅಗ್ಗವಲ್ಲವೇ? ಗೇಜು ಇಲ್ಲದಿರಬಹುದು, ಆದರೆ ಹಬ್ಬಿನ ತುಕ್ಕು ತೆಗೆಯಲು ಒಂದು ವೈರ್‌ಬ್ರಶ್ ಸಾಕು, ನಟ್ಟುಗಳನ್ನು ಎದುರುಬದುರಾಗಿ ಸಮ ಬಿಗಿಯಲು ತಾಳ್ಮೆ ಸಾಕು. ಮೇಲೆ ಹೇಳಿದ ಪರೀಕ್ಷೆಗಳಿಗೆ ಬೇಕಾದ್ದು ಒಂದು ಜಾಕು, ಒಂದು ಟಾಮಿ, ಸ್ಟೇರಿಂಗ್ ತಿರುಗಿಸಲು ಒಬ್ಬ ಹುಡುಗ. ಅಗ್ಗದ ಊಹೆಯೋ, ಮೊದಲು ಲಿಂಕ್ ರಾಡು, ಆಮೇಲೆ ಶಾಕ್ ಅಬ್ಸಾರ್ಬರು, ಆಮೇಲೆ ಡಿಸ್ಕು ಎಂದು ಕಂತಿನಲ್ಲಿ ಹಣ ಕಟ್ಟಿಸಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ: ಸವೆದ ಲಿಂಕ್ ರಾಡು ಬರೀ ಸದ್ದು ಮಾಡೀತು, ಸವೆದ ಬಾಲ್ ಜಾಯಿಂಟು ಕಳಚಿದರೆ ಗಾಲಿಯೇ ಮಡಚಿ ಬೀಳುತ್ತದೆ. ಆ ಎರಡನ್ನು ಕೂತಲ್ಲಿಂದ ಬೇರೆ ಮಾಡಿ ಹೇಳುವ ಕಿವಿ ಇನ್ನೂ ಹುಟ್ಟಿಲ್ಲ.

ಆದರೆ ತಪ್ಪನ್ನೆಲ್ಲ ಪಂಡಿತರ ತಲೆಗೆ ಕಟ್ಟುವುದೂ ಸರಿಯಲ್ಲ. “ಇನ್ನೂ ಗೊತ್ತಾಗಿಲ್ರಿ ಗೌಡ್ರ, ಸಂಜೀ ತನಕ ಗಾಡಿ ಬಿಡ್ರಿ, ಓಡಿಸಿ ನೋಡಿ ಹೇಳ್ತೀನಿ” ಎನ್ನುವ ಮೇಸ್ತ್ರಿಯ ಬಗ್ಗೆ ಗೌಡರು ಊರಲ್ಲಿ ಏನು ಹೇಳುತ್ತಾರೆಂದು ಕೇಳಿ ನೋಡಿ: “ಅವಗೇನ್ ಬರ್ತೈತ್ರಿ!” ಗಾಡಿಯ ಮಾಲಿಕನಿಗೆ ಬೇಕಾದ್ದು ಪರೀಕ್ಷೆಯಲ್ಲ, ಒಂದು ಹೆಸರು, ಅದೂ ತಡವಿಲ್ಲದೆ. ಹೆಸರು ಸಿಕ್ಕರೆ ರೋಗ ಅರ್ಧ ವಾಸಿಯಾದಂತೆ ಅನಿಸುತ್ತದೆ. ಪಂಡಿತರು ಆ ಬೇಡಿಕೆಯನ್ನು ಪೂರೈಸುವವರು, ಅಷ್ಟೆ. ಹಾಗಾಗಿ ಸುಧಾರಣೆ ಮಾಲಿಕನಿಂದಲೇ ಶುರುವಾಗಬೇಕು. ಎಷ್ಟು ವೇಗದಲ್ಲಿ, ತಗ್ಗಿನಲ್ಲೋ ಹಂಪ್ಸಿನಲ್ಲೋ, ಎಡಕ್ಕೆ ತಿರುಗುವಾಗಲೋ ಬಲಕ್ಕೋ, ಬ್ರೇಕ್ ಒತ್ತಿಯೋ ಒತ್ತದೆಯೋ ಎಂದು ಎರಡು ದಿನ ಗಮನಿಸಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮೇಸ್ತ್ರಿಯ ಅರ್ಧ ಕೆಲಸ ಮುಗಿದಂತೆ. ಆ ಚೀಟಿಯ ಎದುರು ಪಂಡಿತರ ತೀರ್ಪಿಗೆ ಜಾಗವೇ ಉಳಿಯುವುದಿಲ್ಲ. ಅವರು ನಿರುದ್ಯೋಗಿಗಳಾದರೆಂದು ಮರುಗಬೇಕಾಗಿಯೂ ಇಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಟ್ರ್ಯಾಕ್ಟರುಗಳು ಬೇಕಾದಷ್ಟಿವೆ, ಅವುಗಳ ಸಪ್ಪಳಕ್ಕೂ ಬರವಿಲ್ಲ.