ಹೊಟ್ಟೆಯ ಪಾಲುದಾರರು

ನನ್ನ ಹೊಟ್ಟೆ ನನ್ನೊಬ್ಬನದಲ್ಲ, ಅವಿಭಕ್ತ ಕುಟುಂಬದ ಆಸ್ತಿ ಎಂದು ಗೊತ್ತಾದದ್ದು ಅದರಲ್ಲಿ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಸುತ್ತೇನೆಂದು ಹೇಳಿದ ಮೇಲೆ. ಅಮ್ಮ, ಮೈಸೂರಿನ ಸೋದರತ್ತೆ, ಕೊನೆಗೆ ಆಫೀಸು ಕ್ಯಾಂಟೀನಿನವನು ಕೂಡ, ತಮ್ಮನ್ನು ಒಂದು ಮಾತು ಕೇಳಬೇಕಿತ್ತು ಎಂದರು. ಇಷ್ಟು ವರ್ಷ 'ಹೊಟ್ಟೆ ಕರಗಿಸಪ್ಪಾ' ಎಂದು ಬುದ್ಧಿ ಹೇಳಿದವರೂ ಇವರೇ. ವಾಕಿಂಗಿಗೆ ಹೋಗಿ ಕರಗಿಸಿದರೆ ಸಾಧನೆ, ಆಸ್ಪತ್ರೆಗೆ ಹೋಗಿ ಕರಗಿಸಿದರೆ ಮೋಸ ಎಂಬ ಭಾವನೆ ನಮ್ಮಲ್ಲಿದೆ. ಪಿತ್ತಕೋಶ ತೆಗೆಸಿದವರಿಗೆ ಮಾತ್ರ ಯಾರೂ 'ಮನಸ್ಸು ಗಟ್ಟಿ ಮಾಡಿದ್ದರೆ ಕಲ್ಲು ತಾನಾಗೇ ಕರಗುತ್ತಿತ್ತು' ಎನ್ನುವುದಿಲ್ಲ.

ಸರ್ಜನ್ನರು ಶಾಂತ ಸ್ವಭಾವದವರು. ಹಾಳೆಯ ಮೇಲೆ ಜಠರದ ಚಿತ್ರ ಬರೆದು, ಉದ್ದಕ್ಕೆ ಗೆರೆ ಎಳೆದು, "ಇಷ್ಟು ಹೋಗುತ್ತೆ, ಬಾಳೆಹಣ್ಣಿನ ಆಕಾರದಲ್ಲಿ ಇಷ್ಟು ಉಳಿಯುತ್ತೆ" ಎಂದರು. ಇದಕ್ಕೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂದು ಹೆಸರು.

"ಯಾಲಕ್ಕಿ ಬಾಳೆಯೋ, ಪಚ್ಚಬಾಳೆಯೋ ಸಾರ್?"

ಅವರು ನಗಲಿಲ್ಲ. ಬೆಂಗಳೂರಿನ ಪೇಷೆಂಟುಗಳೆಲ್ಲ ಇದನ್ನೇ ಕೇಳುತ್ತಾರೇನೋ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ಹಾಕುವ ಭಾಗದಲ್ಲೇ, ಹಾಗಾಗಿ ಜಾಗದ ಜೊತೆ ಹಸಿವೂ ತಗ್ಗುತ್ತದೆ ಎಂದು ವಿವರಿಸಿದರು. ನನಗೆ ಒಳಗೊಳಗೇ ಅನುಮಾನ. ನನ್ನ ಊಟದಲ್ಲಿ ಹಸಿವಿನ ಪಾತ್ರ ಎಂದೂ ಅಷ್ಟು ದೊಡ್ಡದಾಗಿರಲಿಲ್ಲ.

ಇದು ಮನಃಶಾಸ್ತ್ರಜ್ಞೆಯ ಮುಂದೆ ಹೊರಬಿತ್ತು. ಹೌದು, ಹೊಟ್ಟೆಯ ಆಪರೇಷನ್ನಿಗೆ ಮನಸ್ಸಿನ ಪರೀಕ್ಷೆಯೂ ಇದೆ. "ನೀವು ಜಾಸ್ತಿ ತಿನ್ನೋದು ಬೇಜಾರಾದಾಗಲೋ ಖುಷಿಯಾದಾಗಲೋ?" ಎಂದು ಆಕೆ ಕೇಳಿದರು. ನಾನು ಪ್ರಾಮಾಣಿಕವಾಗಿ, "ಯಾರಾದರೂ ಬಡಿಸಿದಾಗ ಮೇಡಂ" ಎಂದೆ. ಆಕೆ ಬಹಳ ಹೊತ್ತು ಬರೆದುಕೊಂಡರು.

ಡಯಟೀಷಿಯನ್ನಿನದು ಪೊಲೀಸ್ ಠಾಣೆಯ ಶೈಲಿ. ತಿಂದದ್ದನ್ನೆಲ್ಲ ಬರೆದು ತರಲು ಹೇಳಿದ್ದರು. ಮೂರು ಇಡ್ಲಿ, ಅನ್ನ ಸಾರು, ರಾತ್ರಿ ಎರಡು ಚಪಾತಿ ಎಂದು ಋಷಿಯ ದಿನಚರಿಯಂಥದ್ದನ್ನು ಒಪ್ಪಿಸಿದೆ. ಆಕೆ ನನ್ನ ತೂಕದ ಚೀಟಿಯನ್ನೂ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಒಂದೊಂದೇ ಹೊರಗೆ ಬಂತು: ಉಪ್ಪು ಸರಿಯಿದೆಯಾ ಎಂದು ನೋಡಿದ್ದು, ಮಗ ತಟ್ಟೆಯಲ್ಲಿ ಬಿಟ್ಟದ್ದು, ಪಕ್ಕದ ಮನೆಯ ಸತ್ಯನಾರಾಯಣ ಪೂಜೆಯ ಸಪಾದ, ಯಾರದೋ ಹುಟ್ಟುಹಬ್ಬದ ಕೇಕು. ಪ್ರಸಾದಕ್ಕೂ ಕ್ಯಾಲೊರಿ ಇದೆಯೆಂದು ನಂಬಲು ಮನಸ್ಸು ಈಗಲೂ ಒಪ್ಪಿಲ್ಲ.

ಜೀವನದಲ್ಲಿ ಮೊದಲ ಸಲ ನನ್ನ ತೂಕಕ್ಕೆ ಮರ್ಯಾದೆ ಸಿಕ್ಕಿದ್ದು ವಿಮೆಯವರಿಂದ. ನಿಯಮದ ಪ್ರಕಾರ ಬಿಎಂಐ 40 ಇದ್ದರೆ ನೇರ ಅರ್ಹತೆ. 35 ಇದ್ದರೆ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾದಂಥ ತೊಂದರೆಯೂ ಇರಬೇಕು. ನನ್ನದು 41. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಸರಿಯಾಗಿ 35 ತೆಗೆದು ಪಾಸಾದವನಿಗೆ ಇದು ಡಿಸ್ಟಿಂಕ್ಷನ್ನಿಗೆ ಸಮ. ಹೆಮ್ಮೆಯ ಹಿಂದೆಯೇ ಭಯವೂ ಬಂತು. ಫೈಲು ಪಾಸಾಗುವ ಮೊದಲೇ ತೆಳ್ಳಗಾಗಿಬಿಟ್ಟರೆ?

ಎಂಡೋಸ್ಕೋಪಿ, ಎಕೋ, ಥೈರಾಯ್ಡ್ ಎಲ್ಲ ಬೇಗ ಮುಗಿದವು. ನಿದ್ದೆಯ ಪರೀಕ್ಷೆಗೆ ಮುನ್ನ ಗೊರಕೆಯ ಬಗ್ಗೆ ಹೆಂಡತಿಯ ಹೇಳಿಕೆ ಪಡೆದರು. ಮಧ್ಯೆ ಉಸಿರು ನಿಂತಹಾಗಾಗುತ್ತೆ, ಇವಳು ಎದ್ದು ಕೂತು ಕಾಯುತ್ತಾಳೆ, ಆಮೇಲೆ ಲಾರಿ ಸ್ಟಾರ್ಟ್ ಆಗುತ್ತೆ, ಇತ್ಯಾದಿ. ಡಾಕ್ಟರು ಎಲ್ಲವನ್ನೂ ಫೈಲಿನಲ್ಲಿ ದಾಖಲಿಸಿದರು. ಮದುವೆಯಾದಾಗಿನಿಂದ ಹೇಳಿಕೊಂಡು ಬಂದ ದೂರು ಕೊನೆಗೂ ರೆಕಾರ್ಡಿಗೆ ಹೋಯಿತೆಂದು ಅವಳು ಆ ಪುಟದ ಫೋಟೋ ತೆಗೆದುಕೊಂಡಳು.

ನಿಜವಾದ ಯುದ್ಧ ನಡೆದದ್ದು ಆಪರೇಷನ್ನಿಗೆ ಮುಂಚಿನ ಎರಡು ವಾರ. ಲಿವರಿನ ಎಡಭಾಗ ಜಠರದ ಮೇಲೆ ಒರಗಿಕೊಂಡಿರುತ್ತದೆ. ಕೊಬ್ಬು ತುಂಬಿ ಊದಿಕೊಂಡಿದ್ದರೆ ಅದನ್ನೆತ್ತಿ ಹಿಡಿದು ಕೆಳಗೆ ಕೆಲಸ ಮಾಡುವುದು ಸರ್ಜನ್ನರಿಗೆ ಕಷ್ಟ. ಅದು ಕುಗ್ಗಲೆಂದು ಎರಡು ವಾರ ಸಕ್ಕರೆ, ಪಿಷ್ಟ ಬಿಟ್ಟು ಬರೀ ಪಾನೀಯ: ಪ್ರೋಟೀನ್ ಪುಡಿ, ನೀರು ಮಜ್ಜಿಗೆ, ತಿಳಿ ಸೂಪು.

"ದ್ರವ ಅಂದ್ರೆ ದ್ರವ ತಾನೇ? ಶ್ಯಾವಿಗೆ ಪಾಯಸ ದ್ರವ ಅಲ್ವಾ?" ಎಂದು ಅಮ್ಮ ವಾದ ಹೂಡಿದಳು. ಶ್ಯಾವಿಗೆ ಇದೆಯಲ್ಲಮ್ಮ ಎಂದೆ. ಸೋಸಿ ತಂದಳು. ಸಕ್ಕರೆ ಇದೆಯಲ್ಲ ಎಂದೆ. ಬೆಲ್ಲ ಹಾಕಿ ತಂದಳು. ಅದೇ ವಾರ ತಂಗಿಯ ಗೃಹಪ್ರವೇಶ. ಎಲೆಯ ಮುಂದೆ ಸುಮ್ಮನೆ ಕೂರುತ್ತೇನೆಂದು ಹೋದೆ. ಸುಮ್ಮನೆ ಕೂತವನ ಎಲೆಗೆ ಬಡಿಸುವವರು ಇನ್ನೂ ಹೆಚ್ಚು ಹಾಕುತ್ತಾರೆಂಬ ತತ್ವ ಅಲ್ಲಿ ಅರಿವಾಯಿತು. ಹೋಳಿಗೆ ಮೇಲೆ ಹೋಳಿಗೆ ಬಂತು. ಪ್ರೋಟೀನ್ ಶೇಕರಿನಿಂದ ಹೀರುತ್ತಾ ಎಲೆಗೆ ಅಡ್ಡ ಕೈ ಹಿಡಿದೆ. "ಕೈ ತೆಗೀರಿ, ತುಪ್ಪ ಬಿಸಿ ಇದೆ" ಎಂದರು.

ಆಪರೇಷನ್ನಿಗೆ ಹಿಂದಿನ ಭಾನುವಾರ ಮೈಸೂರಿನ ಅತ್ತೆ ಬಂದಿಳಿದರು, ಚಕ್ಕುಲಿ ಕೋಡುಬಳೆಯ ಡಬ್ಬಿಗಳ ಸಮೇತ. ನಾನು ಮೂರು ಚೆಂಡಿನ ಸ್ಪೈರೋಮೀಟರನ್ನು ಬಾಯಿಗಿಟ್ಟು ಉಸಿರೆಳೆಯುವ ಅಭ್ಯಾಸ ಮಾಡುತ್ತಿದ್ದೆ. ಎರಡು ಚೆಂಡು ಮೇಲೇಳುತ್ತಿದ್ದವು. ಅತ್ತೆಯ ಡಬ್ಬಿ ತೆರೆದ ಘಮಕ್ಕೆ ಮೂರನೆಯದೂ ಎದ್ದಿತು.

"ಆಮೇಲೆ ಎಷ್ಟೋ ತಿನ್ನಬೋದು ನೀನು?" ಎಂದು ವಿಚಾರಣೆ ಶುರುವಾಯಿತು. ಶುರುವಿನಲ್ಲಿ ಔಷಧಿಯ ಮುಚ್ಚಳದಲ್ಲಿ ಅಳೆದು 30 ಎಂಎಲ್, ಅದೂ ಗುಟುಕು ಗುಟುಕಾಗಿ, ಆಮೇಲೆ ಮೆತ್ತಗಿನ ಊಟ, ಊಟದ ಜೊತೆ ನೀರಿಲ್ಲ, ವಿಟಮಿನ್ ಮಾತ್ರೆ ಜೀವನಪೂರ್ತಿ ಎಂದೆಲ್ಲ ಹೇಳಿದೆ. ಅತ್ತೆಯ ಮುಖ ಸಣ್ಣದಾಯಿತು.

"ದಿನಕ್ಕೆ ಎಷ್ಟು ಸಲ?"

"ಬೆಳಿಗ್ಗೆಯಿಂದ ರಾತ್ರಿವರೆಗೂ ಆಗಾಗ ಕುಡೀತಾ ಇರಬೇಕು ಅತ್ತೆ."

ಅವರು ಒಂದು ಕ್ಷಣ ಲೆಕ್ಕ ಹಾಕಿದರು. ಮುಖ ಅರಳಿತು. "ಹಾಗಾದ್ರೆ ನಾನು ಒಂದು ತಿಂಗಳು ಇಲ್ಲೇ ಇರ್ತೀನಿ ಕಣೋ. ದಿನಕ್ಕೆ ಇಪ್ಪತ್ತು, ಮೂವತ್ತು ಸಲ ಬಡಿಸೋದು ಅಂದ್ರೆ ನಿನ್ನ ಹೆಂಡ್ತಿ ಒಬ್ಬಳ ಕೈಲಿ ಆಗುತ್ತಾ?"